ಚೀನಾದ ತಲೆಸುತ್ತಿನ ಮದ್ದು ನಮ್ಮ ಶೇಂಗಾ ಹೊಲದಲ್ಲೇ ಇತ್ತು

2022ರ ಶ್ರಾವಣದಲ್ಲಿ ನಮ್ಮ ಅಳಿಯ ಹಬ್ಬಕ್ಕೆ ಬಂದವನು ಒಂದು ಪೊಟ್ಟಣ ತಂದುಕೊಟ್ಟ. ಅಳಿಯ ಅಂದರೆ ಅಕ್ಕನ ಮಗನೇ, ಬೆಂಗಳೂರಿನಲ್ಲಿ ಕೆಲಸ. "ಮಾವ, ಇದು ಚೀನಾದ ಗಿಡಮೂಲಿಕೆ. ತಲೆಸುತ್ತಿಗೆ ಅಲ್ಲಿಯವರು ಎರಡು ಸಾವಿರ ವರ್ಷದಿಂದ ಕುಡೀತಾ ಇದ್ದಾರಂತೆ. ಮೊಬೈಲಿನಲ್ಲಿ ತರಿಸಿದೆ" ಅಂದ. ನೂರು ಗ್ರಾಂಗೆ 340 ರೂಪಾಯಿ ಕೊಟ್ಟಿದ್ದ. ನನಗೆ ಆಗ ಎರಡು ತಿಂಗಳಿನಿಂದ ತಲೆಸುತ್ತು ಇತ್ತು. ಪ್ರೀತಿಯಿಂದ ತಂದಿದ್ದಾನೆ, ನೋಡೋಣ ಅಂತ ಪೊಟ್ಟಣ ಬಿಚ್ಚಿ ಮೊರಕ್ಕೆ ಸುರಿದೆ.

ನನ್ನ ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ಹತ್ತಿರ ಬಂದು ಒಂದು ಕಾಳು ಎತ್ತಿಕೊಂಡಳು. "ಅಯ್ಯೋ, ಇದು ನೆಗ್ಗಿಲ ಮುಳ್ಳು ಅಲ್ವೇನ್ರೀ! ಮುಳ್ಳು ಮುರಿದವ್ರೆ, ಅಷ್ಟೇ" ಅಂದಳು.

ಹೌದು, ನೆಗ್ಗಿಲೇ. ಮೊನ್ನೆ ತಾನೇ ಕುಂಟೆ ಹೊಡೆಯುವಾಗ ಎಡಗಡೆ ಎತ್ತಿನ ಗೊರಸಿನ ಸಂದಿಯಿಂದ ಕಿತ್ತು ಬಿಸಾಡಿದ್ದೆ. ಅದೇ ಮುಳ್ಳು ಪ್ಲಾಸ್ಟಿಕ್ ಚೀಲದಲ್ಲಿ ಕೂತು ನಮ್ಮ ಮನೆಗೇ ವಾಪಸು ಬಂದಿತ್ತು. ಅಳಿಯನ ಮುಖ ಸಪ್ಪಗಾಯಿತು. ನಾವೆಲ್ಲ ನಕ್ಕೆವು. ನಗುವಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಮುಂದಿನ ಐದು ವಾರ ಏನು ಮಾಡಿದೆ, ಅದರಿಂದ ಏನಾಯಿತು ಅನ್ನೋದನ್ನ ಹೇಳಿಕೊಳ್ಳೋಕೆ ಸ್ವಲ್ಪ ನಾಚಿಕೆಯೇ. ಆದರೂ ನಮ್ಮಂಥವರ ಮನೆಗಳಲ್ಲಿ ಇದು ದಿನಾ ನಡೆಯುವ ಸಂಗತಿ ಆದ್ದರಿಂದ ಬರೆಯುತ್ತಿದ್ದೇನೆ.

ಹೊಲದ ನೆಗ್ಗಿಲು

ನೆಗ್ಗಿಲು ಗೊತ್ತಿಲ್ಲದ ಒಣಬೇಸಾಯದವನು ಇರಲಿಕ್ಕಿಲ್ಲ. ಮುಂಗಾರಿನ ಮೊದಲ ಹದ ಮಳೆಗೆ ಹುಟ್ಟುತ್ತೆ. ಮೇಲಕ್ಕೆ ಏಳುವುದಿಲ್ಲ, ನೆಲಕ್ಕೆ ಅಂಟಿಕೊಂಡು ಚಕ್ರದ ಹಾಗೆ ಸುತ್ತಲೂ ಹಬ್ಬುತ್ತೆ. ಎಲೆ ಹುಣಸೆ ಎಲೆಯಂತೆ ಸಣ್ಣ ಸಣ್ಣದು, ಹೂವು ಐದೆಸಳಿನ ಹಳದಿ. ಕಾಯಿ ಬಲಿತ ಮೇಲೆ ಐದು ಹೋಳಾಗುತ್ತೆ. ಒಂದೊಂದು ಹೋಳಿಗೂ ಸಾಮಾನ್ಯವಾಗಿ ಎರಡು ಉದ್ದ ಮುಳ್ಳು, ಎರಡು ಗಿಡ್ಡ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನೋಡುತ್ತೆ. ಬರಿಗಾಲಿಗೆ, ಸೈಕಲ್ ಟ್ಯೂಬಿಗೆ, ಎತ್ತಿನ ಗೊರಸಿಗೆ ಒಂದೇ ನ್ಯಾಯ. ಸಂಸ್ಕೃತದಲ್ಲಿ ಗೋಕ್ಷುರ ಅಂತಾರೆ. ಕ್ಷುರ ಅಂದರೆ ಕ್ಷೌರದ ಕತ್ತಿಯಂತೆ. ಹೆಸರಿಟ್ಟವರು ಎತ್ತು ಕಟ್ಟಿದವರೇ ಇರಬೇಕು. ಗಡಿಯಾಚೆ ತೆಲುಗಿನವರು ಪಲ್ಲೇರು ಅಂತಾರೆ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತೆ, ಹಾಗಾಗಿ ಒಂದು ವರ್ಷ ಕಿತ್ತರೆ ಮುಗಿಯುವುದಿಲ್ಲ.

ಇದಕ್ಕೆ ಒಬ್ಬ ದೊಡ್ಡಣ್ಣ ಇದ್ದಾನೆ, ಆನೆ ನೆಗ್ಗಿಲು. ಅದರ ಕುಲವೇ ಬೇರೆ. ಗಿಡ ಸ್ವಲ್ಪ ನೆಟ್ಟಗೆ ಬೆಳೆಯುತ್ತೆ, ಎಲೆ ದಪ್ಪ, ಕಾಯಿ ಒಂದೇ ಗಟ್ಟಿ, ಮೂಲೆಗೊಂದು ಮುಳ್ಳು. ಹಸಿ ಗಿಡವನ್ನು ನೀರಿನಲ್ಲಿ ಆಡಿಸಿದರೆ ನೀರು ಲೋಳೆ ಲೋಳೆಯಾಗುತ್ತೆ. ಸಣ್ಣ ನೆಗ್ಗಿಲಿಗೆ ಆ ಗುಣ ಇಲ್ಲ. ವ್ಯಾಪಾರದಲ್ಲಿ ಒಂದರ ಬದಲು ಇನ್ನೊಂದು ಹೋಗುವುದುಂಟು. ಈ ಲೇಖನದಲ್ಲಿ ನಾನು ಹೇಳುತ್ತಿರುವುದು ಸಣ್ಣದರ ವಿಷಯ.

ನಮ್ಮ ಹಿರಿಯರು ನೆಗ್ಗಿಲನ್ನು ಬಳಸುತ್ತಿದ್ದದ್ದು ಉರಿಮೂತ್ರಕ್ಕೆ, ಮೂತ್ರದ ಕಲ್ಲಿಗೆ. ಆಯುರ್ವೇದದ ದಶಮೂಲದಲ್ಲಿ ಇದರ ಬೇರು ಒಂದು. ತಲೆಸುತ್ತಿಗೆ ನೆಗ್ಗಿಲು ಅಂತ ನಮ್ಮ ಕಡೆ ನಾನು ಕೇಳಿರಲಿಲ್ಲ. ಅಷ್ಟರಮಟ್ಟಿಗೆ ಅಳಿಯ ತಂದ ಸುದ್ದಿ ಹೊಸದೇ.

ಚೀನಾದವರ ಲೆಕ್ಕ

ನನ್ನ ಮಗಳು ಫಾರ್ಮಸಿ ಓದುತ್ತಾಳೆ. ಚೀನಾ ಸರ್ಕಾರದ ಔಷಧಿ ಗ್ರಂಥದಲ್ಲಿ ಈ ಮುಳ್ಳಿನ ಬಗ್ಗೆ ಏನಿದೆ ಅಂತ ಹುಡುಕಿ ಓದಿ ಹೇಳಿದಳು. ಅಳಿಯನ ಮಾತು ಸುಳ್ಳಲ್ಲ. ಅಲ್ಲಿ ಇದರ ಹೆಸರು ಜೀಲಿ. ಮುಳ್ಳುತಂತಿಗೂ ಅವರು ಕಬ್ಬಿಣದ ಜೀಲಿ ಅಂತಲೇ ಕರೆಯುತ್ತಾರಂತೆ. ಶೆನ್ನೊಂಗ್ ಎಂಬ ಪುರಾಣಪುರುಷನ ಹೆಸರಿನಲ್ಲಿರುವ, 365 ಮದ್ದುಗಳನ್ನು ಹೇಳುವ ಅವರ ಬಹಳ ಹಳೇ ಗ್ರಂಥದಲ್ಲೇ ಇದು ಬಂದಿದೆ. ಈಗಿನ ಗ್ರಂಥದಲ್ಲೂ ತಲೆನೋವು, ತಲೆಸುತ್ತು, ಕಣ್ಣು ಕೆಂಪಾಗುವುದು, ಮೈ ತುರಿಕೆ, ಬಾಣಂತಿಗೆ ಹಾಲು ಕಟ್ಟುವುದು, ಇಷ್ಟಕ್ಕೂ ಬಳಕೆ ಇದೆ.

ಅವರ ಪ್ರಕಾರ ತಲೆಸುತ್ತಿಗೆ ಒಂದು ಕಾರಣ ಯಕೃತ್ತು. ಅಲ್ಲಿ ಬಿಸಿ ಹೆಚ್ಚಾಗಿ, ಗಾಳಿಯಂತೆ ಮೇಲೆದ್ದು ತಲೆಗೆ ಹೊಡೆಯುತ್ತೆ. ಸಿಟ್ಟಿನವರಿಗೆ, ಮುಖ ಕೆಂಪಗಾಗುವವರಿಗೆ ಇದು ಹೆಚ್ಚು. ನೆಗ್ಗಿಲು ಆ ಏರಿದ್ದನ್ನು ಇಳಿಸುತ್ತೆ. ಮಗಳು ಇದನ್ನು ಓದುವಾಗ ನನಗೆ ನಮ್ಮವ್ವನ ಮಾತು ನೆನಪಾಯಿತು. ಯಾರಿಗಾದರೂ ತಲೆ ಸುತ್ತಿದರೆ "ಪಿತ್ತ ನೆತ್ತಿಗೇರೈತೆ" ಅನ್ನುತ್ತಿದ್ದಳು. ಪಿತ್ತ ಹುಟ್ಟುವುದೂ ಅದೇ ಯಕೃತ್ತಿನಲ್ಲಿ ತಾನೇ. ಎಲ್ಲಿಯ ಚೀನಾ, ಎಲ್ಲಿಯ ನಮ್ಮ ಹಟ್ಟಿ!

ಆದರೆ ಅವರು ಹೊಲದಿಂದ ಕಿತ್ತು ಹಾಗೇ ಕುದಿಸುವುದಿಲ್ಲ. ಕಾಯಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹಳದಿಗೆ ತಿರುಗುವವರೆಗೆ ಹುರಿದು, ಮುಳ್ಳು ಉಜ್ಜಿ ತೆಗೆದು, ಜರಡಿ ಹಿಡಿಯುತ್ತಾರೆ. ಪೊಟ್ಟಣದ ಕಾಳಿಗೆ ಮುಳ್ಳು ಇಲ್ಲದ ಕಾರಣ ಇದು. ದಿನಕ್ಕೆ 6ರಿಂದ 10 ಗ್ರಾಂ ಮಾತ್ರ. ಸಾಮಾನ್ಯವಾಗಿ ಒಂಟಿಯಾಗಿ ಕೊಡದೆ ಸೇವಂತಿಗೆ ಹೂವಿನಂಥ ಬೇರೆ ಮದ್ದುಗಳ ಜೊತೆ ಸೇರಿಸಿ, ರೋಗಿಯ ನಾಡಿ, ನಾಲಿಗೆ ನೋಡಿ ಕೊಡುತ್ತಾರೆ. ಇನ್ನೊಂದು ಮಾತೂ ಆ ಗ್ರಂಥದಲ್ಲೇ ಇದೆ: ಈ ಮದ್ದಿಗೆ ಸ್ವಲ್ಪ ವಿಷದ ಗುಣ ಉಂಟು. ಆ ಸಾಲನ್ನು ಮಗಳು ಓದಿದಾಗ ನನ್ನ ಕಷಾಯದ ಕಥೆ ಮುಗಿದೇ ಹೋಗಿತ್ತು.

ತಲೆಸುತ್ತಿಗೆ ಚೀನಾದಲ್ಲಿ ಎಲ್ಲಕ್ಕಿಂತ ಹೆಸರಾದ ಗಿಡ ಬೇರೆ ಇದೆ, ತಿಯಾನ್‌ಮಾ ಅಂತ. ಬೇಸಾಯಗಾರರಿಗೆ ಅದರ ಕಥೆ ರುಚಿಸೀತು. ಅದಕ್ಕೆ ಹಸಿರೆಲೆಯೇ ಇಲ್ಲ. ನೆಲದೊಳಗೆ ಆಲೂಗಡ್ಡೆಯಂಥ ಗಡ್ಡೆ, ಹೂ ಬಿಡುವಾಗ ಬಾಣದಂಥ ಒಂದು ದಂಟು ಮಾತ್ರ ಹೊರಗೆ ಬರುತ್ತೆ. ತಾನಾಗಿ ಅನ್ನ ಮಾಡಿಕೊಳ್ಳಲಾರದು. ಮರದ ಬೇರು ಕೊಳೆಸುವ ಒಂದು ಅಣಬೆಯನ್ನೇ ತಿಂದು ಬದುಕುತ್ತೆ. ಬೀಜ ಮೊಳೆಯೋಕೆ ಇನ್ನೊಂದು ಅಣಬೆ ಬೇಕು. ಕಾಡಿನಲ್ಲಿ ಕಿತ್ತು ಕಿತ್ತು ಅಪರೂಪವಾದ ಮೇಲೆ, ಅಲ್ಲಿನ ವಿಜ್ಞಾನಿಗಳು 1960-70ರ ದಶಕಗಳಲ್ಲಿ ಬೆಟ್ಟದ ರೈತರ ಜೊತೆಗಿದ್ದು, ಅಣಬೆ ಹತ್ತಿಸಿದ ಕಟ್ಟಿಗೆಯ ಮಧ್ಯೆ ಇಟ್ಟು ಬೆಳೆಸುವ ದಾರಿ ಕಂಡುಹಿಡಿದರು. ಈಗ ಯುನ್ನಾನ್, ಗುಯಿಝೌ, ಶಾನ್‌ಶಿ ಕಡೆಯ ತಂಪು ಬೆಟ್ಟಗಳಲ್ಲಿ ಅದೊಂದು ಬೆಳೆ. ಕೋಳಿ ಸಾರಿಗೂ ಹಾಕುತ್ತಾರೆ. ನಮ್ಮ ಬಿಸಿಲಿಗೆ ಅದು ಬರುವ ಮಾತಲ್ಲ, ಯಾರಾದರೂ ಸಸಿ ಕೊಡುತ್ತೇವೆ ಅಂತ ಬಂದರೆ ದುಡ್ಡು ಕೊಡಬೇಡಿ.

ಐದು ವಾರದ ಕಷಾಯ

ನನ್ನ ತಲೆಸುತ್ತು ಶುರುವಾದದ್ದು ಜೂನ್‌ನಲ್ಲಿ, ಬಿತ್ತನೆ ಕಾಲಕ್ಕೆ. ರಾತ್ರಿ ಎಡಮಗ್ಗುಲಿಗೆ ಹೊರಳಿದರೆ ಸಾಕು, ಮನೆಯ ಜಂತೆ ರಾಟೆ ತಿರುಗಿದಂತೆ ಗಿರಗಿರ ತಿರುಗೋದು. ಕಣ್ಣು ಮುಚ್ಚಿ ಹಾಸಿಗೆ ಹಿಡಿದುಕೊಂಡರೆ ಅರ್ಧ ನಿಮಿಷಕ್ಕೆ ನಿಲ್ಲೋದು. ಕೂರಿಗೆ ಕಟ್ಟಲು ಬಗ್ಗಿದಾಗ, ಅಟ್ಟದ ಮೇಲಿನ ಚೀಲಕ್ಕೆ ಕತ್ತೆತ್ತಿದಾಗ ಮತ್ತೆ ಅದೇ. ನಡೆಯುವಾಗ ಏನೂ ಇಲ್ಲ. ನನಗೆ ಆರು ವರ್ಷದಿಂದ ಬಿಪಿ ಇತ್ತು, ದಿನಕ್ಕೊಂದು ಮಾತ್ರೆ. ಬಿಪಿಯದೇ ಇರಬೇಕು ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ನನಗೆ ಹೆದರಿಕೆ ಆಗಿದ್ದಕ್ಕೆ ಕಾರಣ ಇದೆ. 2016ರಲ್ಲಿ ನಮ್ಮಣ್ಣನಿಗೂ ಶುರುವಾದದ್ದು ತಲೆಸುತ್ತಿನಿಂದಲೇ. ಸಂಜೆ ಕಣದಿಂದ ಬಂದವನು "ತಲೆ ಸುತ್ತುತೈತೆ" ಅಂತ ಜಗುಲಿ ಮೇಲೆ ಕೂತ. ಒಂದು ಸಲ ವಾಂತಿ ಆಯಿತು. ಮಾತು ಸ್ವಲ್ಪ ತೊದಲುತ್ತಿತ್ತು, ಸುಸ್ತಿಗೆ ಇರಬೇಕು ಅಂದುಕೊಂಡೆವು. ಪಿತ್ತ ಅಂತ ಜೀರಿಗೆ ಕಷಾಯ ಕೊಟ್ಟು, ನಿಂಬೆಹಣ್ಣು ಮೂಸಿಸಿ ಮಲಗಿಸಿದೆವು. ಕಷಾಯ ಕುಡಿಸಿದವನು ನಾನೇ. ಬೆಳಿಗ್ಗೆ ಏಳುವಾಗ ಬಲಗೈ ಬಲಗಾಲು ಬಿದ್ದುಹೋಗಿತ್ತು. ಆಸ್ಪತ್ರೆಯಲ್ಲಿ "ನಿನ್ನೆ ಎಷ್ಟು ಹೊತ್ತಿಗೆ ಶುರುವಾಯ್ತು?" ಅಂತ ಕೇಳಿದರು. ಸಂಜೆ ಅಂದೆವು. ಡಾಕ್ಟರು ಸುಮ್ಮನಾದರು. ರಕ್ತ ಹೆಪ್ಪುಗಟ್ಟಿದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಉಪಯೋಗ ಅಂತ ಆಮೇಲೆ ತಿಳಿಯಿತು. ಅಣ್ಣ ಎರಡು ವರ್ಷ ಮಂಚದ ಮೇಲಿದ್ದು ಹೋದ.

ಇಷ್ಟು ಕಂಡವನಿಗೆ ಬುದ್ಧಿ ಬರಬೇಕಿತ್ತು. ಆದರೆ ಹೆದರಿಕೆ ಬಂದಿತ್ತೇ ಹೊರತು ಬುದ್ಧಿ ಬಂದಿರಲಿಲ್ಲ. ಅಳಿಯನ ಪೊಟ್ಟಣ ಮುಗಿದ ಮೇಲೆ ಹೊಲದ ಬದುವಿನಿಂದಲೇ ನೆಗ್ಗಿಲು ತಂದು, ಕುಟ್ಟಿ, ಒಂದು ಹಿಡಿ ಒಂದು ಚೊಂಬು ನೀರಿಗೆ ಹಾಕಿ ಅರ್ಧಕ್ಕೆ ಇಂಗಿಸಿ ದಿನಾ ಎರಡು ಹೊತ್ತು ಕುಡಿದೆ. ಆ ನನ್ನ ಹಿಡಿಯನ್ನು ಆಮೇಲೆ ಕಿರಾಣಿ ಅಂಗಡಿ ತಕ್ಕಡಿಗೆ ಹಾಕಿದಾಗ 38 ಗ್ರಾಂ ತೂಗಿತು. ಎರಡು ಹೊತ್ತಿಗೆ ಸೇರಿಸಿದರೆ ಚೀನಾದವರ ಲೆಕ್ಕದ ಏಳೆಂಟು ಪಟ್ಟು.

ಎರಡು ವಾರಕ್ಕೆ ತಲೆಸುತ್ತು ಕಡಿಮೆಯಾದಂತೆ ಅನಿಸಿತು. ಊರಲ್ಲಿ ನಾಲ್ಕು ಜನಕ್ಕೆ ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಪಕ್ಕದ ಮನೆಯ ಅಜ್ಜಿಗೆ ಒಂದು ಡಬ್ಬಿ ಕೊಟ್ಟೂ ಬಂದೆ. ಅಜ್ಜಿ ಪುಣ್ಯಕ್ಕೆ ಕಹಿ ಅಂತ ಚೆಲ್ಲಿದ್ದಳಂತೆ. ಮದ್ದು ಹಿಡಿಯಿತು ಅನ್ನೋ ಧೈರ್ಯದ ಮೇಲೆ ನಾನು ಮಾಡಿದ ದೊಡ್ಡ ತಪ್ಪು ಅಂದರೆ ಬಿಪಿ ಮಾತ್ರೆ ನಿಲ್ಲಿಸಿದ್ದು. "ಎರಡೆರಡು ಮದ್ದು ಯಾಕೆ, ಬೇರಿನ ಮದ್ದೇ ಸಾಕು" ಅಂತ.

ಐದನೇ ವಾರ ಒಂದು ರಾತ್ರಿ ಮೂತ್ರಕ್ಕೆ ಎದ್ದೆ. ಕಷಾಯದಿಂದ ರಾತ್ರಿ ಮೂರು ಸಲ ಏಳಬೇಕಾಗುತ್ತಿತ್ತು. ಹೊರಳಿ ಎದ್ದು ನಿಂತದ್ದಷ್ಟೇ ನೆನಪು, ನೆಲ ಮೇಲಕ್ಕೆ ಬಂದಂತಾಯಿತು. ಗೋದಲಿಯ ಅಂಚಿಗೆ ಹಣೆ ಹೊಡೆದು ಬಿದ್ದೆ. ಎತ್ತುಗಳು ಗಾಬರಿಯಾಗಿ ಎದ್ದ ಸದ್ದಿಗೆ ಮನೆಯವರು ಬಂದರು. ಈ ಸಲ ಬೆಳಗಾಗುವವರೆಗೆ ಕಾಯಲಿಲ್ಲ. ಅಣ್ಣನ ಮಗ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋದ. ಹಣೆಗೆ ನಾಲ್ಕು ಹೊಲಿಗೆ. ಬಿಪಿ 190/110.

ಹತ್ತು ನಿಮಿಷದ ಚಿಕಿತ್ಸೆ

ಬೆಳಿಗ್ಗೆ ಬಂದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಬಿಪಿ ಮಾತ್ರೆ ನಿಲ್ಲಿಸಿದ್ದಕ್ಕೆ ಚೆನ್ನಾಗಿ ಬೈದರು. ಆಮೇಲೆ ಕೇಳಿದ ಪ್ರಶ್ನೆ ನಾನು ಮರೆಯುವುದಿಲ್ಲ. "ಯಜಮಾನ್ರೇ, ತಲೆಸುತ್ತು ಅಂದ್ರೆ ಯಾವ ತರ? ಮನೆ ತಿರುಗುತ್ತಾ, ಕಣ್ಣು ಕತ್ತಲೆ ಬರುತ್ತಾ, ಜೋಲಿ ಹೊಡೆಯುತ್ತಾ?"

ನಾನು ಹೊರಳಿದಾಗ ಜಂತೆ ತಿರುಗುವ ಕಥೆ ಹೇಳಿದೆ. ಅವರು ನನ್ನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಎಡಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ. ಮೂರು ನಾಲ್ಕು ಸೆಕೆಂಡಿಗೆ ಆಸ್ಪತ್ರೆಯ ಫ್ಯಾನು, ಗೋಡೆ, ಡಾಕ್ಟರು ಎಲ್ಲಾ ತಿರುಗತೊಡಗಿದವು. ನಾನು ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಕಣ್ಣಗುಡ್ಡೆ ಎಗರುವುದನ್ನು ನೋಡಿಯೇ ಇದು ಯಾವುದು ಅಂತ ಗೊತ್ತಾಗುತ್ತಂತೆ.

ನಮ್ಮ ಕಿವಿಯ ಒಳಗೆ, ಮೈ ಯಾವ ಕಡೆ ವಾಲಿದೆ ಅಂತ ಹೇಳುವ ಒಂದು ಅಂಗ ಇದೆ. ಅಲ್ಲಿ ಸುಣ್ಣದ ಸಣ್ಣ ಸಣ್ಣ ಹರಳುಗಳಿರುತ್ತವೆ. ವಯಸ್ಸಾದ ಮೇಲೆ, ಇಲ್ಲವೇ ತಲೆಗೆ ಪೆಟ್ಟು ಬಿದ್ದಾಗ ಕೆಲವು ಕಳಚಿಕೊಂಡು ಪಕ್ಕದ ನಾಲೆಗೆ ಜಾರುತ್ತವೆ. ಮಗ್ಗುಲು ಹೊರಳಿದಾಗ ಅವು ಉರುಳಿದರೆ, ಮೈ ತಿರುಗದಿದ್ದರೂ ತಿರುಗಿದೆ ಅಂತ ಮಿದುಳಿಗೆ ಸುದ್ದಿ ಹೋಗುತ್ತೆ. ಇಷ್ಟೇ ನನ್ನ ಕಾಯಿಲೆ. ಹೊಲಕ್ಕೆ ಹೋಗಬೇಕಾದ ನೀರಿಗೆ ನಾಲೆಯಲ್ಲಿ ಕಲ್ಲು ಬಿದ್ದಂತೆ. ಕಲ್ಲು ತೆಗೆಯಲು ಕಷಾಯ ಯಾಕೆ?

ಅದೇ ಮಂಚದ ಮೇಲೆ ತಲೆಯನ್ನು ಬಲಕ್ಕೆ ತಿರುಗಿಸಿ ಸ್ವಲ್ಪ ಹೊತ್ತು, ಬಲಮಗ್ಗುಲಿಗೆ ಹೊರಳಿಸಿ ನೆಲ ನೋಡುವಂತೆ ಸ್ವಲ್ಪ ಹೊತ್ತು ಹಿಡಿದು, ಮೆಲ್ಲಗೆ ಎಬ್ಬಿಸಿ ಕೂರಿಸಿದರು. ಹರಳು ಉರುಳಿ ಬಂದ ದಾರಿಯಲ್ಲೇ ಹೊರಗೆ ಹೋಗುವ ಹಾಗೆ. ಇದನ್ನು ಎಪ್ಲಿ ಎಂಬ ಅಮೆರಿಕದ ಕಿವಿ ಡಾಕ್ಟರು ಕಂಡುಹಿಡಿದು 1992ರಲ್ಲಿ ಬರೆದು ಪ್ರಕಟಿಸಿದ್ದಂತೆ. ಎರಡು ಸಲ ಮಾಡಿದರು. ಹತ್ತು ನಿಮಿಷ ಹಿಡಿದಿರಬಹುದು. ಮೂರು ತಿಂಗಳ ತಲೆಸುತ್ತು ಅಲ್ಲಿಗೆ ನಿಂತಿತು. ನೋಡಿಕೊಂಡು ಮನೆಯಲ್ಲಿ ನಾವೇ ಮಾಡೋಣ ಅಂತ ಹೊರಡಬೇಡಿ. ಯಾವ ಕಿವಿ ಅಂತ ಮೊದಲು ತಿಳಿಯಬೇಕು, ಕುತ್ತಿಗೆ ಮೂಳೆ ಸವೆದವರಿಗೆ ತೊಂದರೆ ಆಗಬಹುದು.

"ಹಾಗಾದ್ರೆ ನೆಗ್ಗಿಲು ಕುಡಿದಾಗ ಎರಡು ವಾರಕ್ಕೆ ಕಡಿಮೆ ಆಗಿತ್ತಲ್ಲಮ್ಮ?" ಅಂತ ಕೇಳಿದೆ. "ಈ ಕಾಯಿಲೆ ಎಷ್ಟೋ ಸಲ ತಾನಾಗೇ ಕಡಿಮೆ ಆಗುತ್ತೆ, ಮತ್ತೆ ಬರುತ್ತೆ. ಆಗ ನೀವು ಏನು ಕುಡೀತಾ ಇರ್ತೀರೋ ಅದಕ್ಕೆ ಹೆಸರು" ಅಂದರು. ಮಳೆ ಬರುವ ಹಿಂದಿನ ದಿನ ಕಪ್ಪೆ ಮದುವೆ ಮಾಡಿದವರ ಕಥೆ ನೆನಪಾಗಿ ಸುಮ್ಮನಾದೆ.

ಒಂದೇ ಮನೆ, ಮೂರು ತಲೆಸುತ್ತು

ಜೊತೆಗೆ ಬಂದಿದ್ದ ನನ್ನ ಹೆಂಡತಿ ಆಗ ಮೆಲ್ಲಗೆ "ನನಗೂ ಸುತ್ತುತೈತಮ್ಮ, ಕುಕ್ಕರಗಾಲಿನಲ್ಲಿ ಕಳೆ ಕೀಳ್ತಾ ಇದ್ದು ಎದ್ದಾಗ" ಅಂದಳು. ನನಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 7.9. ಹೆಂಗಸರಿಗೆ 12 ಇರಬೇಕು. ಅವಳದು ಕಣ್ಣುಕತ್ತಲೆಯ ತಲೆಸುತ್ತು. ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ತಗೋಬೇಕು, ಊಟದ ಜೊತೆಗೆ, ಊಟ ಆದ ತಕ್ಷಣ ಟೀ ಕುಡಿಯಬಾರದು ಅಂದರು. ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲವಂತೆ. ಮಾತ್ರೆಗಿಂತ ಟೀ ಬಿಡುವುದೇ ಅವಳಿಗೆ ಕಷ್ಟವಾಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ಅಣ್ಣನದು ಮಿದುಳಿನ ರಕ್ತನಾಳ, ನನ್ನದು ಕಿವಿ, ಇವಳದು ರಕ್ತ. ನಾವು ಮೂರಕ್ಕೂ ಇಟ್ಟಿದ್ದು ಒಂದೇ ಹೆಸರು, ಒಂದೇ ಪಿತ್ತ. ಬೆಳೆ ಹಳದಿಯಾದರೆ ನಾವು ಸುಮ್ಮನೆ ಒಂದು ಔಷಧಿ ಹೊಡೆಯುತ್ತೇವಾ? ಬೇರು ಕಿತ್ತು ನೋಡುತ್ತೇವೆ, ಹುಳವೋ, ನೀರು ನಿಂತದ್ದೋ, ಗೊಬ್ಬರ ಕಡಿಮೆಯೋ ಅಂತ.

ನಮ್ಮ ಮಾತಿನಲ್ಲೇ ಇವಕ್ಕೆಲ್ಲ ಬೇರೆ ಬೇರೆ ಹೆಸರಿದೆ, ಡಾಕ್ಟರ ಮುಂದೆ ಅದನ್ನೇ ಹೇಳಿದರೆ ಅರ್ಧ ಕೆಲಸ ಆದಂತೆ. ಮನೆ ತಿರುಗಿದರೆ ತಲೆಸುತ್ತು. ಎದ್ದು ನಿಂತಾಗ ಮಬ್ಬಾದರೆ ಕಣ್ಣುಕತ್ತಲೆ, ಅದು ರಕ್ತ ಕಡಿಮೆಗೂ ಬರುತ್ತೆ, ಬಿಸಿಲಿನಲ್ಲಿ ನೀರು ಕುಡಿಯದಿದ್ದರೂ ಬರುತ್ತೆ, ಬಿಪಿ ಮಾತ್ರೆ ಹೆಚ್ಚಾದರೂ ಬರುತ್ತೆ. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ತಡ ಮಾಡಿದರೆ ನಡುಕ, ಬೆವರಿನ ಜೊತೆ ಬರುತ್ತೆ. ಪ್ರಜ್ಞೆ ತಪ್ಪಿದರೆ ಬವಳಿ. ನಡೆಯುವಾಗ ಒಂದು ಕಡೆಗೆ ಎಳೆದರೆ ಜೋಲಿ, ಇದು ಹೆದರಬೇಕಾದದ್ದು. ತಲೆಸುತ್ತಿನ ಜೊತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ ಕಷಾಯಕ್ಕೆ ಒಲೆ ಹಚ್ಚಬೇಡಿ, 108ಕ್ಕೆ ಫೋನು ಮಾಡಿ. ಎಷ್ಟು ಗಂಟೆಗೆ ಶುರುವಾಯಿತು ಅನ್ನೋದನ್ನ ನೆನಪಿಟ್ಟುಕೊಳ್ಳಿ, ಅದನ್ನೇ ಮೊದಲು ಕೇಳುತ್ತಾರೆ.

ಇನ್ನೊಂದು ನಮ್ಮ ಕಸುಬಿನದೇ. ಈರುಳ್ಳಿಗೋ ದಾಳಿಂಬೆಗೋ ಔಷಧಿ ಹೊಡೆದು ಬಂದವನಿಗೆ ತಲೆ ಸುತ್ತಿ, ಬೆವರಿ, ಜೊಲ್ಲು ಸುರಿದು, ಕಣ್ಣಪಾಪೆ ಸೂಜಿಮೊನೆಯಷ್ಟು ಸಣ್ಣಗಾದರೆ ಅದು ವಿಷ ಏರಿದ್ದು. ಬಟ್ಟೆ ಕಳಚಿ, ಸೋಪು ಹಚ್ಚಿ ಮೈ ತೊಳೆದು, ಔಷಧಿಯ ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಬೇಕು.

ಕುರಿ ಹೇಳುವ ಸಾಕ್ಷಿ

ನೆಗ್ಗಿಲಿಗೆ ವಿಷದ ಗುಣ ಇದೆ ಅಂದಾಗ ಊರಲ್ಲಿ ಕೆಲವರು ನಂಬಲಿಲ್ಲ. "ಕುರಿ ತಿಂತಾವಲ್ಲ" ಅಂದರು. ನಮ್ಮ ಕಡೆ ಕುರಿಗಳು ಎಳೇ ನೆಗ್ಗಿಲನ್ನು ತಿನ್ನುವುದು ನಿಜ, ಬೇರೆ ಹಸಿರೂ ಸಿಗುವುದರಿಂದ ತೊಂದರೆ ಕಂಡಿಲ್ಲ. ಆದರೆ ದಕ್ಷಿಣ ಆಫ್ರಿಕಾದ ಒಣನಾಡಿನಲ್ಲಿ ಬಾಡಿದ ನೆಗ್ಗಿಲನ್ನೇ ಮೇದ ಕುರಿಗಳಿಗೆ ಯಕೃತ್ತು ಕೆಟ್ಟು, ಬಿಸಿಲಿಗೆ ಮುಖ ಊದಿ, ಹಳದಿಯಾಗಿ ಸಾಯುವ ರೋಗ ಬಹಳ ಹಿಂದಿನಿಂದ ಇದೆ. ಅಲ್ಲಿಯವರು ಅದನ್ನು ಹಳದಿ ದಪ್ಪತಲೆ ಅಂತಲೇ ಕರೆಯುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1980ರ ದಶಕದಲ್ಲಿ ಪಶುವೈದ್ಯರು ಬರೆದದ್ದು ಇನ್ನೂ ವಿಚಿತ್ರ. ಬರಗಾಲದಲ್ಲಿ ತಿಂಗಳುಗಟ್ಟಲೆ ನೆಗ್ಗಿಲನ್ನೇ ಮೇದ ಕುರಿಗಳು ಹಿಂಗಾಲು ಸೋತು, ಒಂದು ಮಗ್ಗುಲಿಗೆ ಜೋಲಿ ಹೊಡೆದು ನಡೆಯತೊಡಗಿದವು. ಮೇವು ಬದಲಿಸಿದರೂ ಅವು ಸರಿಹೋಗಲಿಲ್ಲ. ಮನುಷ್ಯನ ತಲೆಸುತ್ತಿಗೆ ಮದ್ದಾದ ಗಿಡವೇ ಕುರಿಗೆ ಜೋಲಿ ತಂದಿತು. ಬರಗಾಲದಲ್ಲಿ ಕುರಿ ಇರುವವರು ಇದನ್ನು ಗಮನದಲ್ಲಿಡಿ.

ಮನುಷ್ಯರಲ್ಲೂ ಇದೆ. ಇರಾನಿನ ಒಬ್ಬ ಯುವಕ ಮೂತ್ರದ ಕಲ್ಲಿಗೆ ಅಂತ ನೆಗ್ಗಿಲ ನೀರನ್ನು ಲೀಟರುಗಟ್ಟಲೆ ಕುಡಿದು, ಫಿಟ್ಸ್ ಬಂದು, ಯಕೃತ್ತು ಮೂತ್ರಪಿಂಡ ಎರಡೂ ಕೆಟ್ಟು ಆಸ್ಪತ್ರೆ ಸೇರಿದ ವರದಿ 2010ರಲ್ಲಿ ಬಂದಿದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ನೆಗ್ಗಿಲು ಬಿಪಿ ಇಳಿಸಿದ್ದೂ ಕಂಡಿದೆ. ಅಂದರೆ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ನುಂಗುವವರು ಇದನ್ನು ಡಾಕ್ಟರಿಗೆ ಹೇಳದೆ ಕುಡಿಯಬಾರದು. ಬಸುರಿಯರಂತೂ ಮುಟ್ಟಲೇಬಾರದು.

ಕಿತ್ತದ್ದನ್ನು ಎಸೆಯಬೇಡಿ

ಇಷ್ಟೆಲ್ಲ ಆದ ಮೇಲೂ ನೆಗ್ಗಿಲಿನ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ನನ್ನದು, ಅದರದಲ್ಲ. ತಾಲ್ಲೂಕಿನ ಆಯುರ್ವೇದ ಡಾಕ್ಟರ ಹತ್ತಿರ ಈ ಕಥೆ ಹೇಳಿದಾಗ ಅವರು ನಕ್ಕು, "ಮೂತ್ರದ ತೊಂದರೆಗೆ ನಾನು ಇವತ್ತಿಗೂ ಅದನ್ನೇ ಕೊಡ್ತೀನಿ. ಅಳತೆ ಇಟ್ಟು ಕೊಡ್ತೀನಿ, ಅಷ್ಟೇ ವ್ಯತ್ಯಾಸ. ಸಣ್ಣ ನೆಗ್ಗಿಲು ಬೆರಕೆ ಇಲ್ಲದ್ದು ಸಿಗೋದೇ ಕಷ್ಟ, ತಂದುಕೊಡಿ" ಅಂದರು.

ಹೇಗೂ ಕೀಳಲೇಬೇಕಾದ ಕಳೆ. ಕಾಯಿ ಬಲಿತು ಹಸಿರು ಹೋಗಿ ಬಿಳಿಚುವಾಗ, ಉದುರುವ ಮೊದಲು ಗಿಡವನ್ನು ಬೇರು ಸಮೇತ ಎತ್ತಬೇಕು. ಬರಿಗೈ ಬೇಡ, ಗೋಣಿಚೀಲ ಸುತ್ತಿಕೊಳ್ಳಿ. ಕಳೆನಾಶಕ, ಕೀಟನಾಶಕ ಹೊಡೆದ ಹೊಲದ್ದು, ಟಾರು ರಸ್ತೆ ಬದಿಯದ್ದು ಬೇಡ. ಟಾರ್ಪಾಲಿನ ಮೇಲೆ ನಾಲ್ಕೈದು ಬಿಸಿಲು ಒಣಗಿಸಿ ಕೋಲಿನಿಂದ ಬಡಿದರೆ ಕಾಯಿ ಉದುರುತ್ತೆ. ತೂರಿ, ಮಣ್ಣು ಜರಡಿ ಹಿಡಿದು, ಬೇರನ್ನು ಬೇರೆ ಕಟ್ಟಿಡಬೇಕು. ಕಣದಲ್ಲಿ ಬಡಿಯಬೇಡಿ, ಆಮೇಲೆ ಮೂರು ವರ್ಷ ನಿಮ್ಮ ಕಾಲೇ ನಿಮಗೆ ಹೇಳುತ್ತೆ. ಒಂದೆರಡು ಕಿಲೋಗೆ ವ್ಯಾಪಾರಿ ಬರುವುದಿಲ್ಲ. ನಾಲ್ಕು ಮನೆಯವರು ಸೇರಿಸಿದರೆ, ಕೊಳ್ಳುವವರನ್ನು ಮೊದಲೇ ಕೇಳಿಕೊಂಡರೆ ಕೂಲಿಯಾದರೂ ಹುಟ್ಟೀತು. ಆನೆ ನೆಗ್ಗಿಲು ಸೇರಿಸಿ ಹೆಸರು ಕೆಡಿಸಿಕೊಳ್ಳಬೇಡಿ.

ಹೋದ ವರ್ಷ ಶೇಂಗಾ ಕಿತ್ತ ಮೇಲೆ ನಾನೂ ಹೆಂಡತಿಯೂ ಬದುವಿನ ಮೇಲಿನದನ್ನೆಲ್ಲ ಎತ್ತಿ ಮೂರು ಕಿಲೋ ಕಾಯಿ ಮಾಡಿದೆವು. ಅವಳ ರಕ್ತ ಈಗ 11ಕ್ಕೆ ಬಂದಿದೆ, ಬಗ್ಗಿ ಎದ್ದರೆ ಕಣ್ಣು ಕತ್ತಲೆ ಇಲ್ಲ. ಚೀಲ ಹೊತ್ತು ಆಯುರ್ವೇದ ಡಾಕ್ಟರಿಗೆ ಕೊಟ್ಟೆ. ದುಡ್ಡು ಕೊಡಲು ಬಂದರು. "ದುಡ್ಡು ಬೇಡ ಸ್ವಾಮಿ, ಬಿಪಿ ನೋಡಿ" ಅಂದೆ. ನೋಡಿದರು, 136/84 ಇತ್ತು. ಜೇಬಿನಲ್ಲಿದ್ದ ಮಾತ್ರೆ ಚೀಟಿಯನ್ನೂ ತೋರಿಸಿ ಬಂದೆ.